ಆಯಿಲ್ ಕಡ್ಡಿಯ ಮೂರನೇ ಗೀಟು

"ಕಳ್ಳ ಬಂದು ಏನಾದರೂ ಎತ್ಕೊಂಡು ಹೋಗೋದು ಕೇಳಿದೀನಿ ಅಕ್ಕ. ತಂದಿಟ್ಟು ಹೋಗೋ ಕಳ್ಳನ್ನ ನೀವು ಎಲ್ಲಾದರೂ ಕೇಳಿದೀರಾ?"

ಒಂದು ಸೋಮವಾರ ಬೆಳಿಗ್ಗೆ ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ಹೀಗೆ ಕೇಳಿದವಳು ಮರಗೆಲಸದ ಕಾರ್ಖಾನೆಯ ಒಡತಿ. ಬಾಗಿಲು, ಕಿಟಕಿ, ಕಪಾಟು ಮಾಡುವ ಕಾರ್ಖಾನೆ ಅದು. ಅವಳ ತಂದೆ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಅವರನ್ನು ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದರು. ಸತ್ತ ಮೇಲೂ ಆ ಹೆಸರು ಬೇರೆ ಯಾರಿಗೂ ದಾಟಿರಲಿಲ್ಲ, ಪಾಪ, ಅಳಿಯನಿಗಂತೂ ಇಲ್ಲವೇ ಇಲ್ಲ.

ನಮ್ಮದು ಡೀಸೆಲ್ ಪಂಪು ರಿಪೇರಿ ಮಾಡುವ ಅಂಗಡಿ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಆ ಕಡೆ ಹೋದಾಗಲೆಲ್ಲ ನನ್ನ ಮೂಗು ಮಾತ್ರ ಇನ್ನೂ ಡೀಸೆಲ್ ವಾಸನೆಯನ್ನೇ ಹುಡುಕುತ್ತದೆ. ಅಣ್ಣ ಪಂಪು ಬಿಚ್ಚುತ್ತಿದ್ದ, ಅತ್ತಿಗೆ ಅದನ್ನು ಟೆಸ್ಟ್ ಬೆಂಚಿಗೆ ಹಾಕಿ ಸಾಲು ಗಾಜಿನ ಕೊಳವೆಗಳಲ್ಲಿ ಡೀಸೆಲ್ ಒಂದೇ ಮಟ್ಟಕ್ಕೆ ಬಂತೇ ಎಂದು ನೋಡುತ್ತಿದ್ದರು. ನಾನು ಕೌಂಟರಿನಲ್ಲಿ ಕೂತು ಇಬ್ಬರ ಮೇಲೂ ಅಧಿಕಾರ ಚಲಾಯಿಸುತ್ತೇನೆ ಎಂದುಕೊಂಡಿದ್ದೆ. ಅಣ್ಣ ಹೋದ ಮೇಲೆ ಪಂಪು ಬಿಚ್ಚುವುದೂ ಅತ್ತಿಗೆಯದೇ ಆಯಿತು. ಅಧಿಕಾರ ಯಾರದು ಎಂಬುದೂ ಆಗಲೇ ನನಗೆ ಗೊತ್ತಾಯಿತು. ಗಾಡಿಯದಿರಲಿ, ಮನೆಯದಿರಲಿ, ಬಗೆಹರಿಯದ್ದು ಏನೇ ಇದ್ದರೂ ಜನ ಅವರ ಹತ್ತಿರ ತರುತ್ತಿದ್ದರು. ಟಾರ್ಚು ಹಿಡಿಯುವ ಕೆಲಸ ಮಾತ್ರ ಕಾಯಂ ಆಗಿ ನನ್ನದು.

"ಕೂತ್ಕೊ ತಾಯಿ. ಏನು ತಂದಿಟ್ಟ ಕಳ್ಳ?" ಎಂದರು ಅತ್ತಿಗೆ, ಕೈ ಒರೆಸಿಕೊಳ್ಳುತ್ತ.

"ಎಂಜಿನ್ ಆಯಿಲ್. ಅಪ್ಪನ ಪಿಕಪ್ ಇದೆಯಲ್ಲ, ಅದರಲ್ಲಿ ಪ್ರತಿ ಸೋಮವಾರ ಆಯಿಲ್ ಒಂದು ಬೆರಳು ಜಾಸ್ತಿ ಆಗಿರತ್ತೆ. ಡ್ರೈವರ್ ಅಷ್ಟನ್ನ ಇಳಿಸ್ತಾನೆ. ಮಂಗಳವಾರದಿಂದ ಶನಿವಾರದವರೆಗೂ ಸರಿಯಾಗಿರತ್ತೆ. ಮತ್ತೆ ಸೋಮವಾರ ಜಾಸ್ತಿ. ಇವತ್ತಿಗೆ ಐದನೇ ಸಲ."

"ಯಾವಾಗಲಾದರೂ ಇಳಿಸದೇ ಓಡಿಸಿದ್ದುಂಟಾ?"

"ಒಂದೇ ಒಂದು ಸಲ. ಮೂರನೇ ವಾರ ಅರ್ಜೆಂಟ್ ಡೆಲಿವರಿ ಇತ್ತು, ನೋಡದೇ ಹೊರಟುಬಿಟ್ಟ. ಏರಿನಲ್ಲಿ ಗಾಡಿ ಹೊಗೆ ಕಾರಿ ನಿಂತೇಬಿಡ್ತು. ಆರು ಬಾಗಿಲು ನಡುರಸ್ತೇಲಿ. ಅವತ್ತಿಂದ ನಮ್ಮನೆಯವರಿಗೆ ಡ್ರೈವರ್ ಮೇಲೆ ಅನುಮಾನ."

ಅನುಮಾನದ ಕಾರಣವನ್ನೂ ಅವಳೇ ಹೇಳಿದಳು. ಡ್ರೈವರಿಗೆ ಬಲಭುಜದ ನೋವು. ಆ ಹಳೆಯ ಗಾಡಿಯ ಸ್ಟೀರಿಂಗ್ ತಿರುಗಿಸುವುದೆಂದರೆ ಬಾವಿಯ ರಾಟೆ ಎಳೆದ ಹಾಗೆ. ಹೋದ ವರ್ಷ ಅವನು ಬೇರೆ ಗಾಡಿ ತಗೊಳ್ಳೋಣವೇ ಎಂದು ಒಮ್ಮೆ ಕೇಳಿದ್ದನಂತೆ. ಈಗ ಅವಳ ಗಂಡನ ವಾದ ಇಷ್ಟೇ: ಇವನೇ ಆಯಿಲ್ ಸುರಿದು ಎಂಜಿನ್ ಕೆಡಿಸುತ್ತಿದ್ದಾನೆ, ಹೊಸ ಗಾಡಿ ಬರಲಿ ಅಂತ.

"ಇವತ್ತು ಬೆಳಿಗ್ಗೆ ಡ್ರೈವರ್ ಕೀ ಮೇಜಿನ ಮೇಲಿಟ್ಟುಬಿಟ್ಟ ಅಕ್ಕ. 'ನಂಬಿಕೆ ಇಲ್ಲದ ಕಡೆ ಸ್ಟೀರಿಂಗ್ ಹಿಡಿಯಲ್ಲ, ಆದರೆ ಗಾಡಿ ಕೆಡಿಸಿದವನು ಅಂತ ಹೆಸರು ಹೊತ್ಕೊಂಡೂ ಹೋಗಲ್ಲ. ನಿಜ ಗೊತ್ತಾಗೋವರೆಗೂ ಇಲ್ಲೇ ಕೂತಿರ್ತೀನಿ' ಅಂದ. ಕಲ್ಲಿನ ಹಾಗೆ ಕೂತಿದಾನೆ. ನಾಳೆ ಬೇರೆ ಡ್ರೈವರ್ ಬರ್ತಾನೆ ಅಂತ ಇವರು ಹೇಳಿ ಆಗಿದೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಪ್ಪ ಕೊನೇ ಎರಡು ತಿಂಗಳು ಆಸ್ಪತ್ರೆಗೆ ಓಡಾಡಿದ್ದು ಆ ಗಾಡೀಲೇ. ಅವನೇ ಎತ್ತಿ ಕೂರಿಸ್ತಿದ್ದ, ಅವನೇ ಇಳಿಸ್ತಿದ್ದ. ಅಂಥವನನ್ನ ಹೀಗೆ ಕಳಿಸಿದರೆ ನನಗೆ ಅನ್ನ ಇಳಿಯಲ್ಲ."

"ನಿಮ್ಮಮ್ಮ ಏನಂತಾರೆ?"

"ಅಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ಅಪ್ಪನ ಗಾಡಿ ಕೆಟ್ಟಿದೆ ಅಂದರೆ ಕೊರಗ್ತಾರೆ, ಹೇಳಬೇಡಿ ಅಂತ ಎಲ್ಲರಿಗೂ ಕಟ್ಟುನಿಟ್ಟು ಮಾಡಿದೀನಿ."

ಅತ್ತಿಗೆ ಎದ್ದು ಸೆರಗು ಸಿಕ್ಕಿಸಿಕೊಂಡರು. "ಮೈದುನರೇ, ಟಾರ್ಚು ತಗೊಳ್ಳಿ," ಎಂದರು. ನನಗೆ ಬಹುವಚನ ಬಂತೆಂದರೆ ಕೆಲಸ ಗಟ್ಟಿಯಾಗಿದೆ ಎಂದೇ ಅರ್ಥ.

ಕಾರ್ಖಾನೆ ಒಂದು ಇಳಿಜಾರು ಓಣಿಯ ತುದಿಯಲ್ಲಿತ್ತು. ಕೆಳಗಿನಿಂದ ಹತ್ತಿಕೊಂಡು ಹೋಗುವಷ್ಟರಲ್ಲಿ ನನ್ನ ಉಸಿರು ಗಂಟಲಿಗೆ ಬಂದಿತ್ತು. ಆಳೆತ್ತರ ಮೀರಿದ ಮರದ ಗೇಟು, ಯಜಮಾನರ ಕೈಕೆಲಸ, ಒಂದು ಹಲಗೆಗೂ ಇನ್ನೊಂದಕ್ಕೂ ನಡುವೆ ಕೂದಲು ತೂರುವ ಸಂದಿಲ್ಲ. ಆದರೆ ಗೇಟಿನ ಕೆಳಗೆ ಮಾತ್ರ ಒಂದು ಬದಿಗೆ ತ್ರಿಕೋನದಂಥ ಸಂದು. ನಾವು ನೋಡುತ್ತಿದ್ದಂತೆಯೇ ಒಂದು ಬೆಕ್ಕು ಅದರಲ್ಲಿ ಆರಾಮವಾಗಿ ನುಸುಳಿ ಒಳಗೆ ಹೋಯಿತು.

"ಇಂಥ ಕೆಲಸಗಾರರು ಗೇಟಿನ ಬುಡ ಓರೆಯಾಗಿ ಕೊಯ್ದಿದ್ದಾರಲ್ಲ," ಎಂದೆ ನಾನು.

"ಹೂಂ. ಕೊಯ್ದಿದ್ದಾರೆ," ಎಂದರು ಅತ್ತಿಗೆ. ಅಷ್ಟೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಅವರಿಗೆ ಹೊಸದಲ್ಲ.

ಒಳಗೆ ಅಂಗಳಕ್ಕೆಲ್ಲ ಹೊಸ ಕಾಂಕ್ರೀಟು. ಒಂದು ಕಡೆ ಗರಗಸದ ಶೆಡ್ಡು, ಇನ್ನೊಂದು ಕಡೆ ಆಫೀಸು, ಹಿಂದೆ ಮನೆ. ನಡುವೆ ಪಿಕಪ್ಪು ಗೇಟಿನ ಕಡೆಗೆ ಮೂತಿ ಮಾಡಿ ನಿಂತಿತ್ತು. ಅದರ ನೆರಳಲ್ಲಿ ಒಂದು ಮರದ ತುಂಡಿನ ಮೇಲೆ ಡ್ರೈವರ್ ಕೂತಿದ್ದ. ಐವತ್ತರ ಆಸುಪಾಸಿನ ಮನುಷ್ಯ. ಬಲಗೈ ಮಡಿಲಲ್ಲಿತ್ತು.

"ಮೂತಿ ಯಾವಾಗಲೂ ಗೇಟಿನ ಕಡೆಗೇನಾ?" ಎಂದು ಕೇಳಿದರು ಅತ್ತಿಗೆ.

"ಯಜಮಾನರ ಕಾಲದಿಂದಲೂ ಹಾಗೇ ಅಮ್ಮ. ಬರುವಾಗ ರಿವರ್ಸ್ ಹಾಕಿ ನಿಲ್ಲಿಸು, ಹೋಗುವಾಗ ನೆಟ್ಟಗೆ ಹೋಗು ಅಂತಿದ್ರು."

ಅಷ್ಟರಲ್ಲಿ ಅಳಿಯ ಆಫೀಸಿನಿಂದ ಹೊರಗೆ ಬಂದ. ಕೆಟ್ಟವನೇನಲ್ಲ. ಆದರೆ ಮಾವನ ನೆರಳು ಬಿದ್ದ ಜಾಗದಲ್ಲೆಲ್ಲ ತನ್ನ ನೆರಳೂ ಬೀಳಬೇಕೆಂಬ ಅವಸರ ಅವನಿಗೆ.

"ನೋಡಿ, ಗಾಡೀದೇ ದೋಷ ಅಂತಾನೆ ಇವನು," ಎಂದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಮೊನ್ನೆ ಶನಿವಾರ ಸಂಜೆ ಇವನು ಮನೆಗೆ ಹೋದ ಮೇಲೆ ನಾನೇ ಬಾನೆಟ್ ಎತ್ತಿ ಚೆಕ್ ಮಾಡಿದೆ. ಸರಿಯಾಗಿ ಮೇಲಿನ ಗೀಟಿಗಿತ್ತು. ಗೇಟಿಗೆ ನಾನೇ ಬೀಗ ಹಾಕಿದೆ. ಇವತ್ತು ನೋಡಿದರೆ ಮತ್ತೆ ಜಾಸ್ತಿ!"

"ಬೆಳಿಗ್ಗೆ ಬೀಗ ತೆಗೆದವರು ಯಾರು?"

"ನಾನು," ಎಂದಳು ಮಗಳು. "ನನ್ನ ಕಣ್ಣೆದುರೇ ಡ್ರೈವರ್ ಬಂದ, ಕಡ್ಡಿ ಎಳೆದು ತೋರಿಸಿದ. ಸುರಿಯೋಕೆ ಅವನಿಗೆ ಸಮಯವೇ ಇರಲಿಲ್ಲ."

"ಹಾಗಾದರೆ ನಿನ್ನೆ ಗೇಟು ಹಾರಿ ಬಂದಿದ್ದಾನೆ," ಎಂದ ಅಳಿಯ. "ನಾವಿಬ್ಬರೂ ಭಾನುವಾರ ಬೆಳಿಗ್ಗೆ ಗಿರಾಕಿಗಳ ಮನೆಗೆ ಬಾಗಿಲಿನ ಅಳತೆಗೆ ಹೋಗ್ತೀವಿ ಅನ್ನೋದು ಇವನಿಗೆ ಗೊತ್ತು."

ಡ್ರೈವರ್ ಎದ್ದು ಬಂದ. ಬಾನೆಟ್ಟನ್ನು ಎಡಗೈಯಿಂದ ಎತ್ತಿ ಕೋಲು ಕೊಟ್ಟು ನಿಲ್ಲಿಸಿ, ಪಕ್ಕಕ್ಕೆ ಸರಿದು ನಿಂತ.

ಎಂಜಿನ್ನಿನ ಮುಂಭಾಗದಲ್ಲಿದ್ದ ಡಿಪ್‌ಸ್ಟಿಕ್ಕನ್ನು, ಅಂದರೆ ನಮ್ಮವರು ಆಯಿಲ್ ಕಡ್ಡಿ ಎನ್ನುವುದನ್ನು, ಅತ್ತಿಗೆ ಎಳೆದು, ಒರೆಸಿ, ಮತ್ತೆ ಹಾಕಿ ಎಳೆದರು. ಕಂಪನಿಯವರು ಹಾಕಿದ್ದ ಎರಡು ಗೀಟುಗಳಿದ್ದವು. ಆಯಿಲ್ ಮೇಲಿನ ಗೀಟನ್ನೂ ದಾಟಿ ಒಂದು ಬೆರಳು ಮೇಲಿತ್ತು. ಟಾರ್ಚನ್ನು ಹತ್ತಿರ ಹಿಡಿದಾಗ ನನಗೆ ಇನ್ನೊಂದು ಕಂಡಿತು. ಆಯಿಲ್ ನಿಂತಿದ್ದ ಜಾಗದಲ್ಲೇ ಅರದಿಂದ ಉಜ್ಜಿದ ಸಣ್ಣ ಗೀಟು. ಅದರ ಅಂಚು ಒರೆಸಿ ಒರೆಸಿ ನುಣುಪಾಗಿತ್ತು.

"ಇದೇನು?" ಎಂದೆ.

"ಯಾವುದೋ ಹಳೇ ಗೀರು ಸಾರ್," ಎಂದ ಡ್ರೈವರ್. "ನಾನು ಬಂದಾಗಿನಿಂದಲೂ ಇದೆ. ನಾನು ಕಂಪನಿ ಗೀಟೇ ನೋಡೋದು, ಅದೂ ರಸ್ತೇಲಿ ಎಲ್ಲಾದರೂ ಸಮ ಜಾಗದಲ್ಲಿ ನಿಲ್ಲಿಸಿದಾಗ. ಇಲ್ಲಿ ಅಂಗಳದಲ್ಲಿ ನೋಡೋಕೆ ಶುರು ಮಾಡಿದ್ದು ಕಾಂಕ್ರೀಟು ಆದಮೇಲೇನೇ."

ಅತ್ತಿಗೆ ಆಯಿಲನ್ನು ಎರಡು ಬೆರಳಿನ ನಡುವೆ ತಿಕ್ಕಿದರು, ಮೂಸಿದರು. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಕಾದರು. ಇನ್ನೊಂದು ಹನಿಯನ್ನು ಮರದಂಟು ಬಿಸಿ ಮಾಡುವ ಒಲೆಯ ತಗಡಿನ ಮೇಲೆ ಹಾಕಿದರು. ಅದು ಚಟಪಟ ಎನ್ನದೆ ಸುಮ್ಮನೆ ಹೊಗೆಯಾಡಿತು. ಆಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದರ ಸುತ್ತುಗಳನ್ನು ನನಗೆ ತೋರಿಸಿದರು. ಅಲ್ಲಿ ಜೇನಿನ ಬಣ್ಣದ ಹೊಸ ಆಯಿಲ್ ಅಂಟಿಕೊಂಡಿತ್ತು.

"ನಿಮ್ಮ ಸ್ಟೋರಿನಲ್ಲಿ ಆಯಿಲ್ ಕಮ್ಮಿ ಆಗಿದೆಯಾ?"

"ಒಂದು ತೊಟ್ಟೂ ಇಲ್ಲ, ಅದೇ ಆಶ್ಚರ್ಯ," ಎಂದಳು ಮಗಳು.

ಬಾನೆಟ್ಟಿನ ಒಳಮೂಲೆಯಲ್ಲಿ, ಬ್ಯಾಟರಿಯ ಪಕ್ಕದಲ್ಲಿ, ಒಂದು ಬಟ್ಟೆ ಇತ್ತು. ನೀಲಿ ಚೌಕಳಿ. ಒಗೆದು, ನಾಲ್ಕು ಮಡಿಕೆ ಮಾಡಿ ಇಟ್ಟದ್ದು. ಬಿಡಿಸಿದರೆ ಅಂಚಿನಲ್ಲಿ ಒಂದು ಗುಂಡಿಮನೆ.

"ಇದು ನಿಂದಾ?"

"ಅಲ್ಲಮ್ಮ. ನಾನು ನೂಲಿನ ವೇಸ್ಟಿನಲ್ಲಿ ಒರೆಸ್ತೀನಿ," ಎಂದು ಡ್ರೈವರ್ ತನ್ನ ಸೀಟಿನಡಿಯಿಂದ ಕಪ್ಪು ನೂಲಿನ ಉಂಡೆ ತೆಗೆದು ತೋರಿಸಿದ. "ಅದು ವಾರ ವಾರ ಅಲ್ಲಿರತ್ತೆ. ಅಕ್ಕಾವ್ರು ಇಡ್ತಾರೇನೋ ಅಂದ್ಕೊಂಡಿದ್ದೆ."

ಅಕ್ಕಾವ್ರು ತಲೆಯಾಡಿಸಿದರು, ತಾವಲ್ಲ ಎಂದು.

ಅತ್ತಿಗೆ ಆಫೀಸಿಗೆ ಹೋಗಿ ಗೋಡೆಯ ಮೇಲಿನ ಯಜಮಾನರ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತರು. ಕಿವಿಯ ಮೇಲೆ ಪೆನ್ಸಿಲ್, ಮೈಮೇಲೆ ನೀಲಿ ಚೌಕಳಿ ಅಂಗಿ, ಮುಖದಲ್ಲಿ ಫೋಟೋ ತೆಗೆಯುವವನ ಕ್ಯಾಮೆರಾ ಓರೆಯಾಗಿದೆ ಎಂಬ ಅಸಮಾಧಾನ.

"ನನಗೆ ಬಾಯಾರಿಕೆ. ಮನೆಯೊಳಗೆ ಹೋಗಿ ನೀರು ಕುಡಿದು ಬರ್ತೀನಿ. ನೀನು ಇಲ್ಲೇ ಇರು," ಎಂದರು ನನಗೆ.

ಮನೆಯ ಹಿಂಬಾಗಿಲು ಅಂಗಳಕ್ಕೇ ತೆರೆಯುತ್ತಿತ್ತು. ಮೆಟ್ಟಿಲ ಮೇಲೆ ಆಯಿಲ್ ಡಬ್ಬಗಳಲ್ಲಿ ಹೂವಿನ ಗಿಡಗಳ ಸಾಲು. ಹೆಚ್ಚಿನವು ತುಕ್ಕು ಹಿಡಿದು ಬಣ್ಣ ಬಿಟ್ಟಿದ್ದವು. ಕೊನೆಯಲ್ಲಿ ಐದು ಡಬ್ಬಗಳು ಮಾತ್ರ ಹೊಳೆಯುತ್ತಿದ್ದವು, ಅವುಗಳಲ್ಲಿ ಸಸಿಗಳಿನ್ನೂ ಎರಡೆರಡು ಎಲೆ. ನಾನು ಹೂವು ನೋಡಿದೆ. ಅತ್ತಿಗೆ ಡಬ್ಬ ನೋಡಿದರು. ನನಗೂ ಅವರಿಗೂ ಇದ್ದ ವ್ಯತ್ಯಾಸ ಜೀವನಪೂರ್ತಿ ಇಷ್ಟೇ.

ನೀರು ಕುಡಿಯಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಹೊರಗೆ ಬರುವಾಗ ಅವರ ಕೈ ಹಿಡಿದುಕೊಂಡು ಯಜಮಾನರ ಹೆಂಡತಿಯೂ ಬಂದರು. ಸಣ್ಣ ದೇಹದ, ನೇರ ಬೆನ್ನಿನ ಹಿರಿಯ ಹೆಂಗಸು. ಮಗಳು ಗಾಬರಿಯಾಗಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಗಾಡಿಯ ಸುತ್ತ ಕುರ್ಚಿ, ಸ್ಟೂಲು ಹಾಕಿಸಿ ಎಲ್ಲರನ್ನೂ ಕೂರಿಸಿದರು. ಶೆಡ್ಡಿನಿಂದ ಒಂದು ರಸಮಟ್ಟ ತರಿಸಿಕೊಂಡು ಮಡಿಲಲ್ಲಿಟ್ಟುಕೊಂಡರು.

"ಆಯಿಲ್ ತಾನಾಗೇ ಏರೋಕೆ ಎರಡೇ ದಾರಿ," ಎಂದು ಶುರು ಮಾಡಿದರು. "ಒಂದು, ಡೀಸೆಲ್ ಸೋರಿ ಅದರಲ್ಲಿ ಸೇರಬೇಕು. ಸೇರಿದ್ದರೆ ಆಯಿಲ್ ನೀರಾಗಿರೋದು, ವಾಸನೆ ಬರೋದು, ಕಾಗದದ ಮೇಲೆ ಹನಿಯ ಸುತ್ತ ಇನ್ನೊಂದು ತೆಳು ಉಂಗುರ ಬೀಳೋದು. ಯಾವುದೂ ಇಲ್ಲ. ಎರಡು, ರೇಡಿಯೇಟರ್ ನೀರು ಸೇರಬೇಕು. ಸೇರಿದ್ದರೆ ಬಿಸಿ ತಗಡಿನ ಮೇಲೆ ಚಟಪಟ ಅನ್ನೋದು. ಅನ್ನಲಿಲ್ಲ. ಅಲ್ಲದೇ ಸೋರೋ ಗಾಡಿ ಓಡುವ ದಿನ ಸೋರತ್ತೆ. ಇದು ಆರು ದಿನ ಓಡುವಾಗ ಸರಿ ಇದ್ದು, ನಿಂತ ದಿನ ಏರತ್ತೆ. ಅಂದಮೇಲೆ ಗಾಡಿ ನಿರಪರಾಧಿ. ಯಾರೋ ಭಾನುವಾರ ಹೊಸ ಆಯಿಲ್ ಸುರಿದಿದಾರೆ. ಮುಚ್ಚಳದ ಸುತ್ತಿನಲ್ಲಿ ಅದಿನ್ನೂ ಇದೆ."

"ನಾನು ಹೇಳಿದ್ದೂ ಅದೇ!" ಎಂದ ಅಳಿಯ.

"ಹೇಳಿದಿರಿ. ಡ್ರೈವರಿಗೆ ಭುಜ ನೋವು, ಅದಕ್ಕೇ ಮಾಡಿದ ಅಂದಿರಿ. ಆ ಗೇಟು ನೋಡಿ. ಬಾನೆಟ್ಟನ್ನೇ ಎಡಗೈಲಿ ಎತ್ತೋ ಮನುಷ್ಯ ಅದನ್ನ ಹಾರಿ ಬಂದನಾ? ಸಂದಿನಲ್ಲಿ ನುಸುಳೋಕೆ ಅವನೇನು ಬೆಕ್ಕಾ? ನೀವು ಯಾವ ಭುಜವನ್ನ ಕಾರಣ ಅಂದಿರೋ, ಅದೇ ಭುಜ ಅವನ ಪರವಾಗಿ ಸಾಕ್ಷಿ ಹೇಳ್ತಿದೆ."

ಡ್ರೈವರ್ ತಲೆ ತಗ್ಗಿಸಿದ.

"ಹೊರಗಿನಿಂದ ಯಾರೂ ಬರಲಿಲ್ಲ. ಅಂದರೆ ಒಳಗಿನವರು. ನೀವಿಬ್ಬರೂ ಭಾನುವಾರ ಅಳತೆಗೆ ಹೋಗಿರ್ತೀರಿ. ನೀವು ಎಲ್ಲರನ್ನೂ ಕೇಳಿದಿರಿ, ಎಲ್ಲರನ್ನೂ ಬೈದಿರಿ. ಒಬ್ಬರಿಗೆ ಮಾತ್ರ ವಿಷಯವನ್ನೇ ಹೇಳಲಿಲ್ಲ, ನೋವಾಗತ್ತೆ ಅಂತ."

ಯಜಮಾನರ ಹೆಂಡತಿಯೇ ಬಾಯಿಬಿಟ್ಟರು.

"ನಾನೇ ಹಾಕಿದ್ದು. ಕದ್ದು ಹಾಕಲಿಲ್ಲ, ಯಾರೂ ಕೇಳಲಿಲ್ಲ, ಅಷ್ಟೇ. ಭಾನುವಾರ ಬೆಳಿಗ್ಗೆ ಅವರು ಕಡ್ಡಿ ಎಳೀತಿದ್ರು, ನಾನು ಬಟ್ಟೆ ಹಿಡ್ಕೊಂಡು ನಿಂತಿರ್ತಿದ್ದೆ. ಮೂವತ್ತು ವರ್ಷ. 'ನನ್ನ ಗೀಟಿಗಿಂತ ಕೆಳಗೆ ಬಂದರೆ ಗಾಡಿ ಅಳತ್ತೆ ಕಣೇ' ಅಂತಿದ್ರು. ಅವರು ಹೋದ ಮೇಲೂ ನೋಡ್ತಿದ್ದೆ. ಗೀಟಿಗೇ ಇರ್ತಿತ್ತು, ಒಂದೊಂದು ಸಲ ಎರಡು ಚಮಚ ಹಾಕಿದರೆ ಸಾಕಿತ್ತು. ಐದು ವಾರದಿಂದ ಮಾತ್ರ ವಾರಕ್ಕೊಂದು ಡಬ್ಬ ಹಿಡೀತು. ಅವರೇ ತಂದು ಅಟ್ಟದಲ್ಲಿ ಇಟ್ಟಿದ್ದ ಡಬ್ಬಗಳು. ಡ್ರೈವರ್ ನೋಡಿಕೊಳ್ಳಲ್ಲ ಅಂದ್ಕೊಂಡೆ ನಾನೂ." ಅವರು ಡ್ರೈವರನ ಕಡೆ ತಿರುಗಿದರು. "ನನ್ನಿಂದ ನಿನಗೆ ಮಾತು ಬಂತಲ್ಲಪ್ಪ. ಹೊಟ್ಟೆಗೆ ಹಾಕ್ಕೋ."

"ಅಯ್ಯೋ, ಅಮ್ಮಾವ್ರೇ," ಎಂದ ಡ್ರೈವರ್.

"ಹಾಗಾದರೆ ಅಪ್ಪನ ಗೀಟು ತಪ್ಪಾ?" ಎಂದಳು ಮಗಳು.

ಆ ಮಾತಿಗೆ ತಾಯಿಯ ಮುಖ ಸಣ್ಣದಾಯಿತು. ತಮ್ಮ ತಪ್ಪನ್ನು ಒಪ್ಪಿಕೊಳ್ಳುವಾಗಲೂ ನೆಟ್ಟಗಿದ್ದ ಬೆನ್ನು ಈಗ ಬಾಗಿದ್ದನ್ನು ನೋಡಿ ನನಗೇ ಸಂಕಟವಾಯಿತು.

ಅತ್ತಿಗೆ ರಸಮಟ್ಟವನ್ನು ಕಾಂಕ್ರೀಟಿನ ಮೇಲಿಟ್ಟರು. ಗುಳ್ಳೆ ನಟ್ಟನಡುವೆ ನಿಂತಿತು. "ಅಂಗಳ ಸಮ ಇದೆ. ಯಾವಾಗ ಹಾಕಿಸಿದಿರಿ?"

"ಆರು ವಾರ ಆಯ್ತು," ಎಂದ ಅಳಿಯ, ಮೆಲ್ಲಗೆ. "ಹಲಗೆ ಗಾಡಿ ತಳ್ಳೋಕೆ ಇಳಿಜಾರು ಕಷ್ಟ ಆಗ್ತಿತ್ತು."

"ನಿಮ್ಮ ಮಾವ ಗೇಟನ್ನ ಸುಮ್ಮನೆ ಓರೆಯಾಗಿ ಕೊಯ್ಯಲಿಲ್ಲ. ಅಂಗಳ ಆಗ ಹೊರಗಿನ ಓಣಿಯ ಹಾಗೇ ಇಳಿಜಾರಾಗಿತ್ತು, ಒಳಕ್ಕೆ ತೆರೆದಾಗ ಏರೋ ನೆಲಕ್ಕೆ ತಾಗದ ಹಾಗೆ ಕೊಯ್ದರು. ಬಾಗಿಲನ್ನ ಅದು ನಿಲ್ಲೋ ಚೌಕಟ್ಟಿನಲ್ಲೇ ಇಟ್ಟು ಗುರುತು ಹಾಕೋ ಕೈ ಅದು. ಗಾಡಿಗೂ ಅದನ್ನೇ ಮಾಡಿದರು. ಮೂತಿ ಕೆಳಗಾಗಿ ನಿಂತಾಗ ಆಯಿಲ್ ಮುಂದಕ್ಕೆ ಹರಿಯತ್ತೆ, ಮುಂದಿರೋ ಕಡ್ಡೀಲಿ ಒಂದು ಬೆರಳು ಮೇಲೆ ಕಾಣತ್ತೆ. ಅಲ್ಲೇ ಅರದಲ್ಲಿ ಉಜ್ಜಿ ಗೀಟು ಹಾಕಿದರು. ಈಗ ನೆಲ ಸಮ ಆಯ್ತು, ಆಯಿಲ್ ಅಷ್ಟೇ ಇದ್ದರೂ ಗೀಟು ಮುಟ್ಟಲಿಲ್ಲ. ಇವರು ಕಮ್ಮಿ ಆಯ್ತು ಅಂತ ಹಾಕಿದರು. ಡ್ರೈವರ್ ಕಂಪನಿ ಗೀಟು ನೋಡಿ ಜಾಸ್ತಿ ಆಯ್ತು ಅಂತ ಇಳಿಸಿದ. ಇಬ್ಬರೂ ಸರಿ. ನಡುವೆ ಎಂಜಿನ್ ಒಂದು ದಿನ ಹೊಗೆ ಕಾರ್ತು, ಅಷ್ಟೇ." ಅತ್ತಿಗೆ ಅಳಿಯನತ್ತ ನೋಡಿದರು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ ಅಂದಿರಲ್ಲ, ಇಲ್ಲಿ ನೆಲದ ಡೊಂಕು ತೆಗೆದಿದ್ದೇ ಎಡವಟ್ಟಾಯ್ತು."

"ಬಾಯಲ್ಲಿ ಹೇಳಿದರೆ ಸಾಕಾ?" ಎಂದರು ಯಜಮಾನರ ಹೆಂಡತಿ. "ಅವರು ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಿದ್ರು."

"ನೋಡೋಣ," ಎಂದರು ಅತ್ತಿಗೆ.

ಡ್ರೈವರ್ ಗಾಡಿಯ ಅಡಿಗೆ ಹೋಗಿ ಹೆಚ್ಚಿನ ಆಯಿಲನ್ನು ಇಳಿಸಿದ. ಕಂಪನಿಯ ಮೇಲಿನ ಗೀಟಿಗೆ ಸರಿಯಾಗಿ ಬಂದಿದೆ ಎಂದು ಎಲ್ಲರೂ ನೋಡಿದ ಮೇಲೆ ಗೇಟು ತೆರೆದೆವು. ಎಂಜಿನ್ ಹಾಕಲಿಲ್ಲ. ನಾನು, ಅಳಿಯ ಮತ್ತು ಶೆಡ್ಡಿನ ಬಡಗಿಗಳು ತಳ್ಳಿದೆವು. ಗಾಡಿ ಗೇಟು ದಾಟಿ ಹಳೆಯ ಇಳಿಜಾರಿಗೆ ಇಳಿದು, ಬ್ರೇಕು ಹಾಕಿಸಿಕೊಂಡು, ಮೂತಿ ಕೆಳಗೆ ಮಾಡಿ ನಿಂತಿತು. ಹತ್ತು ನಿಮಿಷ ಕಾದೆವು. ಅಷ್ಟು ಉದ್ದದ ಹತ್ತು ನಿಮಿಷವನ್ನು ನಾನು ಆಸ್ಪತ್ರೆಯ ಹೊರಗೆ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

ಅತ್ತಿಗೆ ಕಡ್ಡಿಯನ್ನು ತಾವು ಮುಟ್ಟಲಿಲ್ಲ. ಯಜಮಾನರ ಹೆಂಡತಿ ಮುಂದೆ ಬಂದು ಕಡ್ಡಿ ಎಳೆದರು. ನೀಲಿ ಚೌಕಳಿ ಬಟ್ಟೆಯಲ್ಲಿ ಒರೆಸಿದರು. ಮತ್ತೆ ಹಾಕಿ ಎಳೆದರು. ಬಿಸಿಲಿಗೆ ಹಿಡಿದರು.

ಆಯಿಲ್ ಮೂರನೇ ಗೀಟಿಗೆ ಬಂದು ನಿಂತಿತ್ತು. ಒಂದು ಕೂದಲಷ್ಟೂ ಮೇಲಿಲ್ಲ, ಕೆಳಗಿಲ್ಲ.

"ನೋಡಿದ್ಯಾ," ಎಂದರು ಅವರು, ಯಾರಿಗೆ ಎಂದು ಗೊತ್ತಾಗಲಿಲ್ಲ. "ಅವರು ತಪ್ಪು ಗೀಟು ಹಾಕೋರಲ್ಲ."

ಅಳಿಯ ಆಫೀಸಿಗೆ ಹೋಗಿ ಕೀ ತಂದ. ಡ್ರೈವರನ ಎಡಗೈಯಲ್ಲಿಟ್ಟು, "ತಪ್ಪಾಯ್ತಣ್ಣ," ಎಂದ. ಅವನ ಬಾಯಲ್ಲಿ 'ಅಣ್ಣ' ಬಂದದ್ದು ಅದೇ ಮೊದಲು ಎಂದು ಆಮೇಲೆ ಮಗಳು ಹೇಳಿದಳು.

ಆ ಮೇಲೆ ಬಹಳ ಕಾಲ ಆ ಓಣಿಯಲ್ಲಿ ಓಡಾಡಿದ್ದೇನೆ. ಪ್ರತಿ ಶನಿವಾರ ಸಂಜೆ ಪಿಕಪ್ಪು ಅಂಗಳದಲ್ಲಿರುತ್ತಿರಲಿಲ್ಲ. ಗೇಟಿನ ಹೊರಗೆ, ಇಳಿಜಾರಿನಲ್ಲಿ, ಗಾಲಿಗೆ ಕಲ್ಲು ಕೊಟ್ಟುಕೊಂಡು, ಮೂತಿ ಕೆಳಗೆ ಮಾಡಿ ನಿಂತಿರುತ್ತಿತ್ತು. ಹಾಗೆ ನಿಲ್ಲಿಸು ಎಂದು ಡ್ರೈವರಿಗೆ ಯಾರೂ ಹೇಳಿರಲಿಲ್ಲ.

ಅವತ್ತು ವಾಪಸು ಬರುವಾಗ ನಾನು ಕೇಳಿದೆ, "ಅತ್ತಿಗೆ, ಡಬ್ಬ ನೋಡಿ ಗೊತ್ತಾಯ್ತಾ, ಬಟ್ಟೆ ನೋಡಿಯಾ?"

"ಬಟ್ಟೆ ನೋಡಿ. ಎಂಜಿನ್ ಒರೆಸೋ ಬಟ್ಟೇನ ಒಗೆದು ಮಡಚಿಡೋರು ಯಾರು, ಹೇಳು? ಹೋದವರ ಕೆಲಸ ಮಾಡ್ತಾ ಇರೋರು."

ಅಣ್ಣ ಹೋದಾಗಿನಿಂದ ಪ್ರತಿ ಭಾನುವಾರ ಅತ್ತಿಗೆ ಅವನ ಸ್ಪ್ಯಾನರುಗಳನ್ನು ಚಾಪೆಯ ಮೇಲೆ ಹರಡಿ, ಒಂದೊಂದಾಗಿ ಒರೆಸಿ, ಮತ್ತೆ ಅವನ ಪೆಟ್ಟಿಗೆಯಲ್ಲಿ ಅವನಿಟ್ಟ ಕ್ರಮದಲ್ಲೇ ಇಡುತ್ತಿದ್ದರು. ತುಕ್ಕು ಹಿಡಿಯದಿರಲಿ ಅಂತ ಎಂದುಕೊಂಡು ನಾನು ಪೇಪರು ಓದುತ್ತ ಕೂತಿರುತ್ತಿದ್ದೆ. ಎಷ್ಟು ಭಾನುವಾರ ಹಾಗೆ ಕೂತಿದ್ದೆನೋ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ನಾನು ಪೇಪರು ಮಡಚಿಟ್ಟು, ಒಂದು ಬಟ್ಟೆ ತಗೊಂಡು, ಚಾಪೆಯ ಆ ಬದಿಗೆ ಕೂತೆ. ಅತ್ತಿಗೆ ತಲೆ ಎತ್ತದೆಯೇ ಹದಿನಾಲ್ಕರ ಸ್ಪ್ಯಾನರನ್ನು ನನ್ನ ಕಡೆಗೆ ತಳ್ಳಿದರು.

"ಹಿಡಿ ಕಡೆಯಿಂದ ಒರೆಸು," ಎಂದರು. "ನಿಮ್ಮಣ್ಣ ಹಾಗೇ ಒರೆಸ್ತಿದ್ದಿದ್ದು."